ನಾನು ನುಂಗಿದ ‘ಬರೇ’

ನಮ್ಮ ಕಾರಿನ ಮುಂದಿನ ಗಾಜನ್ನು ಕುರಿ ಕಾಯುವ ಅಮರಪ್ಪ ಒಡೆಯಲಿಲ್ಲ. ಒಡೆದವಳು ನಾನು. ಆತನೇ ಒಡೆದನೆಂದು ಊರು ನಂಬುವ ಹಾಗೆ ಮಾಡಿದವಳೂ ನಾನು — ಅದೂ ಆತನ ಬಗ್ಗೆ ಒಂದೇ ಒಂದು ಸುಳ್ಳು ಮಾತು ಆಡದೆ. ಆತ ಹೇಳಿದ ಮಾತಿನೊಳಗಿಂದ ಒಂದು ಪದ ತೆಗೆದುಬಿಟ್ಟೆ, ಅಷ್ಟೆ. ಅಷ್ಟೆ ಎಂದು ಬರೆಯುವಾಗಲೇ ಗೊತ್ತಾಗುತ್ತದೆ, ನಾನು ಇನ್ನೂ ನನ್ನ ಪರವಾಗಿಯೇ ಮಾತಾಡುತ್ತಿದ್ದೇನೆ ಎಂದು.

ನಾವು ಆದೋನಿಯವರು. ಅಪ್ಪ ಹತ್ತಿ ಜಿನ್ನಿಂಗ್ ಮಿಲ್ಲೊಂದರಲ್ಲಿ ಮೇಲ್ವಿಚಾರಕರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ನಾನು ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಮುಂದೆ ತೆಲುಗು, ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷು. ಮಾತು ಕಡಿಮೆ. ಅಪ್ಪ ಬಂದವರೆದುರು ನನ್ನನ್ನು ಹೊಗಳುತ್ತಿದ್ದದ್ದು ಅದೊಂದೇ ಕಾರಣಕ್ಕೆ: “ನಮ್ಮಾಕಿ ಒಂದ್ ಮಾತು ಹೆಚ್ಚಿಗಿ ಆಡಂಗಿಲ್ಲ, ಒಂದ್ ಮಾತು ಕಮ್ಮಿ ಆಡಂಗಿಲ್ಲ.” ಆ ಹೊಗಳಿಕೆ ನನಗೆ ಇಷ್ಟವಾಗಿತ್ತು. ಅದನ್ನು ಕಳೆದುಕೊಳ್ಳಲಾರೆ ಎನ್ನುವಷ್ಟು ಇಷ್ಟವಾಗಿತ್ತು.

ನಾನು ಎಂ.ಎ. ಮುಗಿಸಿ ಮನೆಗೆ ಬಂದಿದ್ದ ವರ್ಷ. ಅಪ್ಪ ಹಳೆಯದೊಂದು ಕಾರು ಕೊಂಡಿದ್ದರು. ನನಗೆ ಎಲ್‌ಎಲ್‌ಆರ್, ಕಲಿಯುವವರ ಲೈಸೆನ್ಸು, ಸಿಕ್ಕಿತ್ತು. ಪಕ್ಕದಲ್ಲಿ ಅಪ್ಪ ಕೂರದೆ ಕೀಲಿ ಮುಟ್ಟಬಾರದೆಂಬುದು ಮನೆಯ ಮಾತು. ಜೋಳ ಕಟಾವಾಗಿ ಹೊಲಗಳು ಖಾಲಿಯಾಗಿದ್ದ ಒಂದು ದಿನ, ತುಂಗಭದ್ರೆಯ ದಂಡೆಯ ನಾಗಲದಿನ್ನೆಗೆ ಹೋದೆವು. ಅಲ್ಲಿ ನನ್ನ ಸೋದರತ್ತೆಯ ಮನೆ. ಅತ್ತೆಯ ಮೊಮ್ಮಗುವಿನ ತೊಟ್ಟಿಲು. ಓಣಿ ಇಕ್ಕಟ್ಟಾದ್ದರಿಂದ ಕಾರನ್ನು ಊರ ಹೊರಗಿನ ಬೇವಿನ ಮರದ ಕೆಳಗೆ ನಿಲ್ಲಿಸಿದ್ದೆವು. ಊಟದ ಪಂಕ್ತಿ ಕೂತಿತ್ತು. ಕೂಸಿನ ಬಟ್ಟೆಯ ಬ್ಯಾಗು ಕಾರಿನಲ್ಲೇ ಉಳಿದಿದೆ, ತರುತ್ತೇನೆಂದು ಅಪ್ಪನಿಂದ ಕೀಲಿ ಈಸಿಕೊಂಡೆ. ಬ್ಯಾಗು ನಿಜವಾಗಿಯೂ ಕಾರಿನಲ್ಲಿತ್ತು. ಆ ದಿನ ನಾನು ಆಡಿದ್ದೆಲ್ಲ ಹೀಗೆಯೇ — ಪ್ರತಿಯೊಂದೂ ನಿಜ.

ಹೊಳೆಯ ಕಡೆಗೆ ಹೋಗುವ ರಸ್ತೆ ಬರಿದಾಗಿತ್ತು. ಸೇತುವೆಯ ತನಕ ಹೋಗಿ ತಿರುಗಿ ಬರೋಣ ಎಂದುಕೊಂಡು ಒಬ್ಬಳೇ ಕಾರು ಹೊರಡಿಸಿದೆ. ಸ್ವಲ್ಪ ದೂರದಲ್ಲಿ ಮುಂದೆ ಒಂದು ಟ್ರಾಕ್ಟರು ಸಿಕ್ಕಿತು, ಟ್ರೈಲರಿನಲ್ಲಿ ಬೋರಿನ ಕಬ್ಬಿಣದ ಪೈಪುಗಳು, ಹಿಂದಕ್ಕೆ ಉದ್ದಕ್ಕೆ ಚಾಚಿಕೊಂಡಿದ್ದವು. ಎಡಗಡೆಯ ಹೊಲದಿಂದ ಕುರಿ ಹಿಂಡೊಂದು ರಸ್ತೆಗೆ ನುಗ್ಗಿತು. ಟ್ರಾಕ್ಟರು ಗಕ್ಕನೆ ನಿಂತಿತು. ಅದರಾಚೆ ಎಲ್ಲೋ ಚಟಾರ್ ಎಂದು ಕವಣೆಯ ಸದ್ದು ಕೇಳಿಸಿತು — ಅದರ ಬೆನ್ನಿಗೇ ನನ್ನ ಕಣ್ಣೆದುರು ಇನ್ನೊಂದು ಸದ್ದು. ನಾನು ಬ್ರೇಕು ಒತ್ತಿದ್ದೆ, ತಡವಾಗಿ. ಒಂದು ಪೈಪಿನ ತುದಿ ಗಾಜಿಗೆ ಬಡಿದಿತ್ತು. ಗಾಜು ಉದುರಲಿಲ್ಲ, ಬಡಿದ ಜಾಗ ಬೆಳ್ಳಗೆ ಪುಡಿಯಾಗಿ, ಸುತ್ತ ಜೇಡರ ಬಲೆಯ ಹಾಗೆ ಬಿರುಕು ಓಡಿತ್ತು.

ಟ್ರಾಕ್ಟರಿನವನು ಇಳಿದು ಬಂದ. ಮೊದಲು ತನ್ನ ಪೈಪು ನೋಡಿದ, ಆಮೇಲೆ ನನ್ನನ್ನು. “ಯಕ್ಕಾ, ಬ್ರೇಕು ಕಾಲಾಗ ಇರತೈತಿ, ಕೈಯಾಗಲ್ಲ,” ಎಂದು ನಕ್ಕ. “ನಂದೇನ್ ತಪ್ಪಿಲ್ಲ ನೋಡು ಮತ್ತ. ಹಿಂದ ಬಂದಾಕಿ ನೀನು.” ಕುರಿ ದಾಟಿದವು, ಆತ ಸೇತುವೆ ಹತ್ತಿ ಹೊರಟುಹೋದ. ಟ್ರಾಕ್ಟರು ಅತ್ತ ಸರಿದ ಮೇಲೆ ಹೊಲದಲ್ಲಿ ಒಬ್ಬ ಮುದುಕ ಕಂಡ, ಕೈಯಲ್ಲಿ ಕವಣೆ ಇಳಿಬಿಟ್ಟುಕೊಂಡು ಹಿಂಡಿನ ಹಿಂದೆ ನಡೆಯುತ್ತಿದ್ದ. ಆತ ನನ್ನನ್ನು ನೋಡಿದನೋ ಇಲ್ಲವೋ — ಇವತ್ತಿಗೂ ನನಗೆ ಗೊತ್ತಿಲ್ಲ.

ಕಾರನ್ನು ತಿರುಗಿಸಿ ತಂದು ಬೇವಿನ ಕೆಳಗೆ ಮೊದಲಿದ್ದ ಹಾಗೆಯೇ ನಿಲ್ಲಿಸಿದೆ. ಬ್ಯಾಗು ಹಿಡಿದು ಒಳಗೆ ಹೋದೆ. ಊಟ ಮಾಡಿದೆ.

ಹೊರಡುವಾಗ ಮೊದಲು ನೋಡಿದವರು ಅಪ್ಪ. “ಅಯ್ಯೋ, ಅದ್ದ!” ಎಂದರು. ನಮ್ಮ ಕಡೆ ಗಾಜಿಗೆ ತೆಲುಗಿನ ಆ ಮಾತೇ ಬಳಕೆ. ಅತ್ತೆಯ ಗಂಡ, ನನ್ನ ಮಾವ, ಬಗ್ಗಿ ನೋಡಿ, “ಯಾವನೋ ಕಲ್ಲು ಒಗದಾನ,” ಎಂದರು. ಕಲ್ಲು ಎಂಬ ಮಾತು ನನ್ನದಲ್ಲ. ನಾನು ಬಾಯಿ ತೆರೆಯುವ ಮೊದಲೇ ಕಲ್ಲು ಅಲ್ಲಿ ಬಂದು ಬಿದ್ದಿತ್ತು. ಅಪ್ಪ ನನ್ನ ಕಡೆ ತಿರುಗಿದರು: “ನೀ ಬ್ಯಾಗ್ ತರಾಕ ಬಂದಾಗ ಇಲ್ಲಿ ಯಾರಿದ್ರವ್ವಾ?”

“ಕುರಿಯಾತ ಇದ್ದ,” ಎಂದೆ. ಆಮೇಲೆ, “ಕವಣಿ ಬೀಸ್ತಿದ್ದ,” ಎಂದೆ.

ಎರಡೂ ನಿಜ. ಅಪ್ಪ ತಲೆಯಾಡಿಸಿದರು. ಉಳಿದದ್ದನ್ನು ಅವರೇ ಜೋಡಿಸಿಕೊಂಡರು.

ಆದೋನಿಯ ಗ್ಯಾರೇಜಿನಲ್ಲಿ, ಗಾಜನ್ನು ಪೂರಾ ಬದಲಿಸಬೇಕು ಎಂದರು. ಅಪ್ಪ ಕಾರಿನ ಪಕ್ಕದಲ್ಲಿ ನಿಂತು ಗದ್ದ ಉಜ್ಜಿಕೊಳ್ಳುತ್ತ, “ಹೋಗ್ಲಿ ಬಿಡು, ನಾನs ಕೈಯಿಂದ ಕಟ್ಟಿಬಿಡ್ತೀನಿ. ಈ ಇನ್ಸೂರೆನ್ಸು, ಅದು ಇದು, ಯಾವನಿಗೆ ಬೇಕು,” ಎಂದರು. ಆಗ ನಾನು ಹೌದು ಅನ್ನಬಹುದಿತ್ತು. ಹೌದು ಅಂದಿದ್ದರೆ ಎಲ್ಲವೂ ಅಲ್ಲಿಗೇ, ಒಂದು ಗಾಜಿನ ಬೆಲೆಗೆ, ಮುಗಿಯುತ್ತಿತ್ತು. ನಿಜ ಹೇಳುವ ಅಗತ್ಯ ಕೂಡ ಇರಲಿಲ್ಲ — ಸುಮ್ಮನೆ ಒಂದು ಹೌದು. ಆದರೆ ಅಪ್ಪನ ಕೈಯಿಂದ ಆ ಹಣ ಹೋಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. “ಅದಕ್ಕs ಅಲ್ಲೇನಪ್ಪಾ ವರ್ಷಾ ಕಟ್ಟೋದು,” ಎಂದೆ. ಅಪ್ಪ ನನ್ನ ಮಾತಿಗೆ ಒಪ್ಪಿದರು.

ವಿಮೆ ಕಂಪನಿಯ ಸರ್ವೇಯರು ಕರಾವಳಿ ಆಂಧ್ರದ ಹುಡುಗ. ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಗಾಜಿನ ಫೋಟೋ ತೆಗೆದುಕೊಂಡು, ಅಪ್ಪನಿಗೆ ತೆಲುಗಿನಲ್ಲಿ ಮೆಲ್ಲಗೆ ಹೇಳಿದ: ಹೋಗುತ್ತಿರುವಾಗ ಲಾರಿ ಗಾಲಿಯಿಂದ ಕಲ್ಲು ಸಿಡಿಯಿತು ಅನ್ನಿ ಸಾರ್, ಎಲ್ಲರೂ ಹಾಗೇ ಹೇಳುತ್ತಾರೆ, ಕ್ಲೈಮು ಸಲೀಸಾಗಿ ಆಗುತ್ತದೆ. ಅಪ್ಪನ ಮುಖ ಬಿಗಿಯಿತು. ಕಾರು ನಿಂತಿತ್ತು, ಕುರಿಯವನ ಕವಣೆ ಕಲ್ಲು ಬಡಿದಿದೆ, ನನ್ನ ಮಗಳು ಕಣ್ಣಾರೆ ನೋಡಿದ್ದಾಳೆ, ಒಂದು ಗಾಜಿಗಾಗಿ ಸುಳ್ಳು ಹೇಳುವ ಮನೆತನ ನಮ್ಮದಲ್ಲ — ಎಂದರು. ಹುಡುಗ ನಿಟ್ಟುಸಿರಿಟ್ಟ. ಇನ್ನೊಬ್ಬ ಮನುಷ್ಯ ಒಡೆದದ್ದಾದರೆ ಆ ಮನುಷ್ಯನನ್ನು ನಾನು ಕೇಳಬೇಕಾಗುತ್ತದೆ ಸಾರ್, ಜಾಗ ನೋಡಬೇಕಾಗುತ್ತದೆ, ಎಂದ.

ಅಪ್ಪನ ಪ್ರಾಮಾಣಿಕತೆಯೇ ನಮ್ಮನ್ನು ಮತ್ತೆ ನಾಗಲದಿನ್ನೆಗೆ ಕರೆದುಕೊಂಡು ಹೋಯಿತು. ಸರ್ವೇಯರನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ನಾನು ಹೇಳಿಬಿಡುತ್ತೇನೆ ಅಂದುಕೊಂಡೆ. ಎಮ್ಮಿಗನೂರು ದಾಟಿತು. ನಂದವರಂ ದಾಟಿತು. ಹೇಳಲಿಲ್ಲ.

ಅಮರಪ್ಪ ಹೊಳೆಯಾಚೆಯ ರಾಯಚೂರು ಕಡೆಯಾತ. ಸುಗ್ಗಿ ಮುಗಿದ ಮೇಲೆ ಪ್ರತಿವರ್ಷ ಹಿಂಡು ಹೊಡೆದುಕೊಂಡು ಈಚೆ ಬರುತ್ತಿದ್ದ. ರಾತ್ರಿ ಯಾರ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿದರೆ ಆ ಹೊಲಕ್ಕೆ ಗೊಬ್ಬರ, ಆತನಿಗೆ ಜೋಳ. ಆತನ ಅಪ್ಪನ ಕಾಲದಿಂದ ಅತ್ತೆಯ ಹೊಲ ಆತನ ತಾವು. ನಾವು ಹೋದ ದಿನವೂ ಆತ ಅಲ್ಲೇ ಇದ್ದ. ಅಪ್ಪನಿಗೆ ಮೊಣಕಾಲು ನೋವು, ಉತ್ತ ಹೊಲದಲ್ಲಿ ನಡೆಯಲಾಗದು. ಅತ್ತೆಯ ಮನೆಯ ಕಟ್ಟೆಯ ಮೇಲೆ ಕೂತು ನನಗೆ ಹೇಳಿದರು: “ನೀ ಹೋಗವ್ವಾ. ಆತಗ ತೆಲುಗು ಬರಂಗಿಲ್ಲ, ಈ ಸಾರ್‌ಗೆ ಕನ್ನಡ ಬರಂಗಿಲ್ಲ. ನೀನಾದ್ರ ಇದ್ದದ್ದು ಇದ್ದಂಗ ಹೇಳ್ತಿ.”

ಹೊಲದ ಬದುವಿನಲ್ಲಿ ಅಮರಪ್ಪನ ಹೆಂಡತಿ ದುರುಗಮ್ಮ ಮೂರು ಕಲ್ಲಿನ ಒಲೆಯ ಮುಂದೆ ಕೂತಿದ್ದಳು. ಬೂಟು ಹೆಂಟೆಯ ಮೇಲೆ ಜಾರುತ್ತ ಬರುತ್ತಿದ್ದ ಸರ್ವೇಯರನನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಳು. “ಯಾರವ್ವಾ ಇಂವ, ನಿನ್ನ ಗಂಡನೇನು?”

“ಅಲ್ಲ, ಆಫೀಸಿನವ್ರು.”

“ಹಂಗಾರ ಯಾರ ಮಗಾನೋ ಏನೋ, ಬಿಸಲಾಗ ಕರಕಂಡು ಬಂದು ಸಾಯಿಸ್ತೀಯಲ್ಲ! ಮಜ್ಜಿಗಿ ಕುಡಿತಾನೇನ್ ಕೇಳು.” ಕೊಟ್ಟಳು. ನನಗೂ ಕೊಟ್ಟಳು. ನಾನು ಕುಡಿಯುತ್ತಿರುವಾಗ, ಸುಮ್ಮನೆ ಮಾತಿಗೆಂದು, “ಕಾರು ನೀನs ನಡಸ್ತೀಯೇನವ್ವಾ?” ಎಂದಳು.

“ಇಲ್ಲ,” ಎಂದೆ.

ಅಮರಪ್ಪ ಬಂದ. ಕವಣೆ ಹೆಗಲ ಮೇಲಿತ್ತು. ಸರ್ವೇಯರು, “ರಾಯಿ ಕೊಟ್ಟಾಡಾ ಲೇದಾ ಅಡಗಂಡಿ,” ಎಂದ — ಕಲ್ಲು ಹೊಡೆದನೋ ಇಲ್ಲವೋ ಕೇಳಿ, ಎಂದು. ಆ ಪ್ರಶ್ನೆಯನ್ನು ನಾನು ಕೇಳಲಿಲ್ಲ. ನಾನು ಕೇಳಿದ್ದು: “ತೊಟ್ಲದ ದಿನ ಇಲ್ಲಿ ಕವಣಿ ಬೀಸಿದ್ರೇನ್ರಿ?”

“ಹೌದವ್ವಾ,” ಎಂದ. “ಕುರಿ ರಸ್ತೆಗೆ ಬಿದ್ದಿದ್ವು. ಬರೇ ಬೀಸೀನಿ.”

ಕಲ್ಲಿಲ್ಲದೆ ಬೀಸಿದೆ ಎಂದು. ಖಾಲಿ ಕವಣೆಯನ್ನು ತಲೆಯ ಸುತ್ತ ತಿರುಗಿಸಿ ಜಗ್ಗಿದರೆ ಚಾಟಿಯಂಥ ಸದ್ದು ಬರುತ್ತದೆ. ಆ ಸದ್ದಿಗೇ ಕುರಿ ಹೊರಳುತ್ತವೆ. ರಸ್ತೆ ಹತ್ತಿರವಿದ್ದಾಗ ಯಾವ ಕುರಿಯವನೂ ಕವಣೆಯಲ್ಲಿ ಕಲ್ಲಿಡುವುದಿಲ್ಲ. ಇದು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಬಂದಾಗ ಅದೇ ಹೊಲದಲ್ಲಿ ಖಾಲಿ ಕವಣೆ ಬೀಸಲು ನಾನೂ ಕಲಿಯಹೋಗಿ ಕಿವಿಗೆ ಬಡಿಸಿಕೊಂಡಿದ್ದೆ.

“ಏಮಂಟುನ್ನಾಡಮ್ಮಾ?” — ಏನನ್ನುತ್ತಾನಮ್ಮಾ? — ಸರ್ವೇಯರು ಕೇಳಿದ.

“ವಿಸಿರಾಡಂಟ ಸಾರ್,” ಎಂದೆ.

ಬೀಸಿದನಂತೆ. ತೆಲುಗಿನ ಆ ಮಾತಿಗೆ ಬೀಸುವುದೂ ಹೌದು, ಎಸೆಯುವುದೂ ಹೌದು. ಕಲ್ಲಿನ ಬಗ್ಗೆ ಕೇಳಿದವನಿಗೆ ಅದು ಎಸೆದ ಎಂದೇ ಕೇಳಿಸುತ್ತದೆ. ‘ಬರೇ’ ಎಂಬುದಕ್ಕೆ ತೆಲುಗಿನಲ್ಲಿ ‘ಉತ್ತ’ ಎಂಬ ಮಾತಿದೆ. ಆದೋನಿಯ ಯಾವ ಬೀದಿಯ ಕೂಸಿಗಾದರೂ ಗೊತ್ತಿರುವ ಮಾತು. ನಾಲಿಗೆಯ ತುದಿಯಲ್ಲಿತ್ತು. ನಾನು ಅದನ್ನು ನುಂಗಿದೆ — ದುರುಗಮ್ಮನ ಮಜ್ಜಿಗೆಯ ಜೊತೆಗೆ.

ಮುದುಕ ಕವಣೆ ಹಿಡಿದು ನಿಂತಿರುವ ಫೋಟೋ ಬೇಕೆಂದ ಸರ್ವೇಯರು. ಅಮರಪ್ಪ ರುಮಾಲು ಸರಿಮಾಡಿಕೊಂಡು, ಕವಣೆಯನ್ನು ಎರಡೂ ಕೈಯಲ್ಲಿ ಎದೆಯೆತ್ತರಕ್ಕೆ ಹಿಡಿದು ನಿಂತ. “ಫೋಟೋ ಯಾಕವ್ವಾ?” ಎಂದ.

“ಸುಮ್ನ, ನೆಪ್ಪಿಗೆ,” ಎಂದೆ.

ಮುದುಕ ನಕ್ಕ. ಆ ಫೋಟೋದಲ್ಲಿ ಆತ ನಗುತ್ತಿದ್ದಾನೆ.

ಅತ್ತೆಯ ಮನೆಯ ಕಟ್ಟೆಗೆ ಬಂದು ಸರ್ವೇಯರು, ಒಪ್ಪಿಕೊಂಡ ಸಾರ್, ಎಂದು ಅಪ್ಪನಿಗೆ ಹೇಳಿದ. ಅಷ್ಟರಲ್ಲಿ ಅಲ್ಲಿ ನಾಲ್ಕು ಜನ ಸೇರಿದ್ದರು. ಅಪ್ಪ, “ಮುದುಕ, ಪಾಪ. ಬೇಕಂತ ಮಾಡಿಲ್ಲ. ಆತಗೇನೂ ಅನಬ್ಯಾಡ್ರಿ,” ಎಂದರು. ಆದರೆ ಮಾವ ಬಿಡಲಿಲ್ಲ. “ಇವತ್ತು ಕಾರಿನ ಅದ್ದ, ನಾಳೆ ಊರ ಹುಡುಗರ ತಲಿ. ಬಂದ ಬೀಗರ ಕಾರಿಗೆ ಕಲ್ಲು ಒಗಿಯಾತನ್ನ ನಮ್ಮ ಹೊಲದಾಗ ಇಟಗಂಡು ಕುಂದ್ರಬೇಕೇನು?” ಆಳು ಹೋಗಿ ಅಮರಪ್ಪನನ್ನು ಕರೆತಂದ.

ಆತ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಂತ. “ನಾ ಹೊಡದಿಲ್ರಿ ಗೌಡ್ರ. ಹೊಳಿ ತಾಯಿ ಆಣಿ.”

“ನೀನs ಹೇಳಿದ್ಯಂತಲ್ಲೋ!”

“ನಾ ಏನ್ ಹೇಳೀನ್ರಿ?” ಎಂದ. ಆಮೇಲೆ ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ. ಓದಿದ ಹುಡುಗಿ, ಹೇಳುತ್ತಾಳೆ ಎಂಬ ನೆಚ್ಚಿಕೆ ಇತ್ತು. “ಯವ್ವಾ, ನಾ ಏನ್ ಹೇಳ್ದೆ, ನೀ ಹೇಳು.”

ಎಲ್ಲರೂ ನನ್ನನ್ನು ನೋಡಿದರು. ಅಪ್ಪನೂ. ಅಲ್ಲಿ ಯಾವ ತರ್ಜುಮೆಯೂ ಬೇಕಿರಲಿಲ್ಲ — ಎಲ್ಲರಿಗೂ ಕನ್ನಡ ಬರುತ್ತಿತ್ತು. ಆ ಒಂದು ಪದ ಸೇರಿಸಿದ್ದರೆ ಸಾಕಿತ್ತು.

“‘ಬೀಸೀನಿ’ ಅಂದ್ರಿ,” ಎಂದೆ.

ಅಮರಪ್ಪ ಸ್ವಲ್ಪ ಹೊತ್ತು ಯೋಚಿಸಿದ. ತನ್ನ ಮಾತನ್ನು ತಾನೇ ಮತ್ತೆ ಕೇಳಿಸಿಕೊಳ್ಳುವವನಂತೆ. “ಹೌದು,” ಎಂದ, “ಬೀಸೀನಿ ಅಂದೀನಿ.” ‘ಬರೇ’ ಆತನಿಗೂ ನೆನಪಾಗಲಿಲ್ಲ. ಅದು ಅಂಥ ಪದ. ಆಡಿದವರಿಗೆ ಆಡಿದ್ದು ನೆನಪಿರುವುದಿಲ್ಲ. ಅದಿಲ್ಲದೆ ಅವರ ಮಾತು ಅವರ ಮೇಲೆಯೇ ತಿರುಗಿ ಬೀಳುತ್ತದೆಂದು ಯಾರಿಗೂ ತಿಳಿದಿರುವುದಿಲ್ಲ. ನನಗೆ ತಿಳಿದಿತ್ತು.

ಆತ ಚಪ್ಪಲಿ ಮೆಟ್ಟಿಕೊಂಡು ಹೋದ. ಮರುದಿನ ಹಿಂಡು ಆ ಹೊಲ ಬಿಟ್ಟು ಎದ್ದಿತು ಎಂದು ಆಮೇಲೆ ಅತ್ತೆ ಫೋನಿನಲ್ಲಿ ಹೇಳಿದಳು.

ಕ್ಲೈಮು ಆಯಿತು. ಹೊಸ ಗಾಜು ಬಂತು. ಗ್ಯಾರೇಜಿನವರು ಅಂಟು ಒಣಗುವ ತನಕ ಬಾಗಿಲನ್ನು ಜೋರಾಗಿ ಹಾಕಬೇಡಿ ಎಂದರು. ನಾವು ಎಷ್ಟೋ ದಿನ ಮೆಲ್ಲಗೆ ಹಾಕಿದೆವು. ಅಪ್ಪ ನಿಂಬೆಹಣ್ಣು ಕಟ್ಟಿದರು. ಬಂದವರಿಗೆ ಹೇಳುತ್ತಿದ್ದರು — ಆ ಕಂಪನಿಯ ಹುಡುಗನೇ ಸುಳ್ಳು ಹೇಳಿಕೊಟ್ಟ, ನಾವು ಒಪ್ಪಲಿಲ್ಲ, ನಿಜ ಹೇಳಿಯೇ ಗಾಜು ಹಾಕಿಸಿಕೊಂಡೆವು. ನಾನು ಪಕ್ಕದಲ್ಲಿ ಚಹಾ ತಟ್ಟೆ ಹಿಡಿದು ನಿಂತಿರುತ್ತಿದ್ದೆ.

ಕವಣೆ ಕಲ್ಲಿನ ಸುದ್ದಿ ಹಳ್ಳಿಯಿಂದ ಹಳ್ಳಿಗೆ ಅಮರಪ್ಪನಿಗಿಂತ ಮುಂದೆ ಹೋಗಿತ್ತು. ಮರುವರ್ಷ ದಂಡೆಯ ಊರುಗಳಲ್ಲಿ ಯಾರೂ ಹೊಲ ಕೊಡಲಿಲ್ಲವಂತೆ. ಹಿಂಡನ್ನು ದೊಡ್ಡ ರಸ್ತೆಯ ಅಂಚಿನಲ್ಲಿ ತರುಬುತ್ತ ಪತ್ತಿಕೊಂಡದ ಕಡೆಗೆ ಹೊರಟಿದ್ದರಂತೆ. ಇದನ್ನೆಲ್ಲ ಅತ್ತೆ ನಮ್ಮ ಮನೆಯಲ್ಲಿ ಅಕ್ಕಿ ಆರಿಸುತ್ತ ಹೇಳಿದಳು. “ಲಾರಿ ಹಾದುಬಿಟ್ತಂತ ನೋಡವ್ವಾ. ಕುರಿ ಎಷ್ಟೋ ಸತ್ವು. ಕುರಿಗಳ ಮಗ್ಗಲಾಗ ದುರುಗಮ್ಮ ಮಲಗಿದ್ಲು. ಆಸ್ಪತ್ರಿ ತನಕಾನೂ ಉಳೀಲಿಲ್ಲ.” ಒಂದು ಕಲ್ಲು ಆರಿಸಿ ಎಸೆದಳು. “ನಮ್ಮ ಹೊಲದಾಗs ಇದ್ದಿದ್ರ...” ಎಂದವಳು ಮೊರ ಎತ್ತಿ ಅಕ್ಕಿ ಕೇರತೊಡಗಿದಳು. ಅತ್ತೆ ನಿಲ್ಲಿಸಿದ ಆ ಮಾತನ್ನು ಅಂದಿನಿಂದ ನಾನು ಒಬ್ಬಳೇ ಮುಗಿಸುತ್ತ ಬಂದಿದ್ದೇನೆ.

ಲಾರಿಯನ್ನು ನಾನು ಓಡಿಸಲಿಲ್ಲ. ಹೊಲ ಕೊಡಬೇಡಿ ಎಂದು ನಾನು ಹೇಳಲಿಲ್ಲ. ಇಂಥ ವಾಕ್ಯಗಳನ್ನು ಎಷ್ಟು ಬೇಕಾದರೂ ಬರೆಯಬಲ್ಲೆ, ಒಂದೊಂದೂ ನಿಜ. ನಿಜವಾದ ವಾಕ್ಯಗಳಿಂದ ಏನು ಮಾಡಬಹುದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಈಗ ನಾನು ಆದೋನಿಯ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ತೆಲುಗು ಬಾರದ ಮುದುಕರು ಹಳ್ಳಿಯಿಂದ ಬಂದರೆ ಸಾಹೇಬರು ನನ್ನನ್ನು ಕರೆಯುತ್ತಾರೆ. ನಾನು ಪದಕ್ಕೆ ಪದ ಇಟ್ಟು ಹೇಳುತ್ತೇನೆ. ಬಲು ಕಟ್ಟುನಿಟ್ಟು ಎಂದು ಹೆಸರು ಬಂದಿದೆ. ಹೋದ ತಿಂಗಳು ಒಬ್ಬ ಅಜ್ಜಿ, ಯಾವುದೋ ಸಹಿಯ ಬಗ್ಗೆ ಕೇಳಿದ್ದಕ್ಕೆ, “ಬರೇ ಹೆಬ್ಬಟ್ಟು ಒತ್ತೀನಪ್ಪಾ, ಏನೈತಂತ ಗೊತ್ತಿಲ್ಲ,” ಎಂದಳು. ಸಾಹೇಬರು ಕಾಯುತ್ತಿದ್ದರು. ನಾನು ಎದ್ದು ಹೊರಗೆ ಹೋದೆ. ನೀರು ಕುಡಿದು ಬಂದು, ‘ಉತ್ತ’ ಎಂಬ ಆ ಮಾತನ್ನೂ ಸೇರಿಸಿ, ಪೂರಾ ಹೇಳಿದೆ. ಆ ಸಂಜೆ ಮನೆಗೆ ಬಂದು ಅಪ್ಪನಿಗೆ ಎಲ್ಲವನ್ನೂ ಹೇಳಿದೆ.

ಅಪ್ಪ ಪೂರಾ ಕೇಳಿಸಿಕೊಂಡರು. ಬೈಯಲಿಲ್ಲ. ಕೊನೆಗೆ ಕೇಳಿದರು: “ಅವತ್ತು ಗ್ಯಾರೇಜಿನಾಗ, ನಾನs ಕಟ್ತೀನಿ ಅಂದಿದ್ನಲ್ಲವ್ವಾ?”

“ಹೂಂ, ಅಂದಿದ್ರಿ.”

ಎದ್ದು ಒಳಗೆ ಹೋದರು. ಅಂದಿನಿಂದ ಅವರು ಕಾರು ಹೊರಗೆ ತೆಗೆದಿಲ್ಲ. ಮನೆಗೆ ಬಂದವರೆದುರು ನನ್ನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಈ ಭಾನುವಾರ ಬಸ್ಸಿನಲ್ಲಿ ನಾಗಲದಿನ್ನೆಗೆ ಹೋಗುತ್ತೇನೆ. ಅತ್ತೆಯ ಕಟ್ಟೆಯ ಮುಂದೆ, ಮಾವನ ಎದುರಿಗೆ, ಅವತ್ತು ಇದ್ದವರನ್ನು ಕರೆಸಿ, ಬಿಟ್ಟ ಪದವನ್ನು ಅದರ ಜಾಗದಲ್ಲಿ ಇಟ್ಟು ಹೇಳುತ್ತೇನೆ. ಆಮೇಲೆ ಸೇತುವೆ ದಾಟಿ ಅಮರಪ್ಪನ ಊರಿಗೆ. ಉಳಿದ ಕುರಿ ಮಾರಿ, ಆತ ಈಗ ಮಗನ ಮನೆಯಲ್ಲಿದ್ದಾನಂತೆ. ಕ್ಷಮೆ ಕೇಳಲು ಎಂದು ಬರೆಯಲಾರೆ. ದುರುಗಮ್ಮ ಇಲ್ಲದ ಮನೆಯಲ್ಲಿ ಆ ಮಾತನ್ನು ಯಾರ ಮುಂದೆ ಇಡಲಿ?

ನಮ್ಮ ಕಡೆ, ಯಾರ ಮನೆಗಾದರೂ ಹೋದಾಗ ಯಾಕೆ ಬಂದಿ ಎಂದು ಕೇಳಿದರೆ, ‘ಬರೇ ಮಾತಾಡಸಾಕ ಬಂದೆ’ ಅನ್ನುತ್ತೇವೆ. ಏನು ಕೆಲಸವಿದ್ದರೂ ಹಾಗೆಯೇ ಅನ್ನುವುದು, ಅದೇ ಮರ್ಯಾದೆ. ಅಮರಪ್ಪನೂ ಹೊರಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು, ಯಾಕ ಬಂದ್ಯವ್ವಾ ಎಂದು ಕೇಳಿಯೇ ಕೇಳುತ್ತಾನೆ. ಆಗ ನನ್ನ ಬಾಯಿಗೆ ಮೊದಲು ಬರುವುದು ಅದೇ ಪದ.

ಅದನ್ನು ನನಗಾಗಿ ಆಡಬಾರದು. ಅದು ಆತನದು.